ಇಲಿಗಳಲ್ಲಿ ಆನುವಂಶಿಕ ಕಬ್ಬಿಣ ಕೊರತೆಯ ರಕ್ತಹೀನತೆ ಮತ್ತು ಕಬ್ಬಿಣದ ಹೀರಿಕೆ

ಆಹಾರದಲ್ಲಿ ಸಾಕಷ್ಟು ಕಬ್ಬಿಣವಿದ್ದರೂ ಅದನ್ನು ಕರುಳಿನಿಂದ ಹೀರಿಕೊಳ್ಳಲಾಗದ, ಇಲ್ಲವೆ ಹೀರಿಕೊಂಡದ್ದನ್ನು ಹಿಮೋಗ್ಲೋಬಿನ್ ತಯಾರಿಕೆಗೆ ಬಳಸಲಾಗದ ಇಲಿ ತಳಿಗಳು ಹಲವಿವೆ. ಈ ದೋಷ ಹುಟ್ಟಿನಿಂದ ಬಂದದ್ದು. ತಂದೆತಾಯಿಯಿಂದ ಮರಿಗೆ ಜೀನಿನ ಮೂಲಕ ಇಳಿಯುತ್ತದೆ. ಇಂಥ ಇಲಿಗಳ ಕೆಂಪು ರಕ್ತಕಣಗಳು ಗಾತ್ರದಲ್ಲಿ ಕಿರಿದಾಗಿ, ಬಣ್ಣದಲ್ಲಿ ಪೇಲವವಾಗಿರುತ್ತವೆ. ಪೌಷ್ಟಿಕ ಆಹಾರ ಸಿಗದ ಪ್ರಾಣಿಯ ರಕ್ತಹೀನತೆಗೂ ಇದಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣದು. ಕಾರಣ ಮಾತ್ರ ಬೇರೆ. ಕಬ್ಬಿಣ ಸಾಗುವ ಹಾದಿಯಲ್ಲಿ ಯಾವುದೋ ಒಂದು ಪ್ರೋಟೀನು ಕೆಟ್ಟಿರುತ್ತದೆ. ಯಾವ ತಳಿಯಲ್ಲಿ ಯಾವ ಪ್ರೋಟೀನು ಕೆಟ್ಟಿದೆ ಎಂದು ಪತ್ತೆಹಚ್ಚುತ್ತ ಹೋದಂತೆ ಸಸ್ತನಿಗಳು ಕಬ್ಬಿಣವನ್ನು ಹೀರಿಕೊಳ್ಳುವ ಕ್ರಮ ಹಂತಹಂತವಾಗಿ ಬೆಳಕಿಗೆ ಬಂತು. ಮನುಷ್ಯರಲ್ಲಿ ಕಬ್ಬಿಣದ ಮಾತ್ರೆಗೆ ಬಗ್ಗದ ಕೆಲವು ರಕ್ತಹೀನತೆಗಳ ಕಾರಣ ತಿಳಿದದ್ದೂ ಈ ಇಲಿಗಳಿಂದಲೇ.

ಇಲಿಯ ದೇಹದಲ್ಲಿ ಕಬ್ಬಿಣ

ಪ್ರಯೋಗಾಲಯಗಳಲ್ಲಿ ಸಾಕುವುದು ಮಸ್ ಮಸ್ಕ್ಯುಲಸ್ ಎಂಬ ಮನೆ ಇಲಿಯ ತಳಿಗಳನ್ನು. ಬೆಳೆದ ಇಲಿಯೊಂದರ ತೂಕ ಸುಮಾರು 20ರಿಂದ 30 ಗ್ರಾಂ. ಅದರ ಮೈಯಲ್ಲಿರುವ ಒಟ್ಟು ಕಬ್ಬಿಣ ಒಂದೆರಡು ಮಿಲಿಗ್ರಾಂ ಅಷ್ಟೆ. ಮನುಷ್ಯನಲ್ಲಿ ಇದು 3ರಿಂದ 4 ಗ್ರಾಂ. ಎರಡೂ ಜೀವಿಗಳಲ್ಲಿ ಈ ಕಬ್ಬಿಣದ ಬಹುಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಉಳಿದದ್ದು ಯಕೃತ್ತು ಮತ್ತು ಗುಲ್ಮಗಳಲ್ಲಿ ಫೆರಿಟಿನ್ ಎಂಬ ಪ್ರೋಟೀನಿನೊಳಗೆ ಸಂಗ್ರಹವಾಗಿರುತ್ತದೆ. ಸ್ವಲ್ಪಾಂಶ ಸ್ನಾಯುಗಳಲ್ಲೂ ಕಿಣ್ವಗಳಲ್ಲೂ ಇರುತ್ತದೆ.

ಇಲಿಯ ಕೆಂಪು ರಕ್ತಕಣದ ಆಯುಸ್ಸು ಸುಮಾರು 40 ದಿನ, ಮನುಷ್ಯನದು ಸುಮಾರು 120 ದಿನ. ಹಳೆಯ ಕಣಗಳನ್ನು ಮ್ಯಾಕ್ರೊಫೇಜ್ ಕೋಶಗಳು ನುಂಗಿ ಜೀರ್ಣಿಸಿ, ಅವುಗಳಲ್ಲಿದ್ದ ಕಬ್ಬಿಣವನ್ನು ಮತ್ತೆ ರಕ್ತಕ್ಕೆ ಬಿಡುತ್ತವೆ. ಅಸ್ಥಿಮಜ್ಜೆ ಅದನ್ನು ಹೊಸ ಕಣಗಳಿಗೆ ಬಳಸುತ್ತದೆ. ಇಲಿಯಲ್ಲಿ ಅಸ್ಥಿಮಜ್ಜೆಯ ಜೊತೆಗೆ ಗುಲ್ಮವೂ ಜೀವನಪರ್ಯಂತ ರಕ್ತಕಣಗಳನ್ನು ತಯಾರಿಸಬಲ್ಲದು. ಆದ್ದರಿಂದಲೇ ರಕ್ತಹೀನತೆಯುಳ್ಳ ಇಲಿಯ ಗುಲ್ಮ ಬಹಳ ದೊಡ್ಡದಾಗುತ್ತದೆ.

ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ಸಸ್ತನಿಗಳ ದೇಹದಲ್ಲಿ ನಿಯಂತ್ರಿತವಾದ ಯಾವ ವ್ಯವಸ್ಥೆಯೂ ಇಲ್ಲ. ಉದುರುವ ಚರ್ಮದ ಮತ್ತು ಕರುಳಿನ ಕೋಶಗಳು, ರಕ್ತಸ್ರಾವ, ಇವುಗಳಿಂದ ಸ್ವಲ್ಪ ಕಳೆದುಹೋಗುತ್ತದೆ ಅಷ್ಟೆ. ದೇಹದ ಕಬ್ಬಿಣದ ಪ್ರಮಾಣ ನಿರ್ಧಾರವಾಗುವುದು ವಿಸರ್ಜನೆಯಿಂದಲ್ಲ, ಹೀರಿಕೆಯಿಂದ ಎಂದು ಬ್ರಿಟನ್ನಿನ ಮೆಕ್‌ಕ್ಯಾನ್ಸ್ ಮತ್ತು ವಿಡೋಸನ್ 1937ರಲ್ಲೇ ವಾದಿಸಿದ್ದರು. ಹೀರಿಕೆ ಕುಂದಿದರೆ ರಕ್ತಹೀನತೆ. ಮಿತಿಮೀರಿದರೆ ಯಕೃತ್ತು, ಮೇದೋಜೀರಕ, ಹೃದಯಗಳಲ್ಲಿ ಕಬ್ಬಿಣ ತುಂಬಿಕೊಂಡು ಹಾನಿ.

ಹೀರಿಕೆಯ ಹಾದಿ

ಕಬ್ಬಿಣದ ಹೀರಿಕೆ ಮುಖ್ಯವಾಗಿ ನಡೆಯುವುದು ಜಠರವನ್ನು ದಾಟಿದ ಕೂಡಲೇ ಬರುವ ಡುವೊಡಿನಮ್‌ನಲ್ಲಿ, ಅಂದರೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಇಲ್ಲಿನ ಒಳಪದರದಲ್ಲಿ ವಿಲ್ಲಸ್ ಎಂಬ ಸೂಕ್ಷ್ಮ ಚಾಚಿಕೆಗಳಿದ್ದು, ಅವುಗಳನ್ನು ಹೀರುಕೋಶಗಳ ಒಂದೇ ಸಾಲು ಹೊದ್ದಿರುತ್ತದೆ. ಈ ಕೋಶಕ್ಕೆ ಎರಡು ಮುಖ: ಒಂದು ಕರುಳಿನ ಪೊಳ್ಳಿನ ಕಡೆಗೆ, ಇನ್ನೊಂದು ರಕ್ತನಾಳದ ಕಡೆಗೆ. ಕಬ್ಬಿಣ ಇವೆರಡನ್ನೂ ದಾಟಬೇಕು.

ಸಸ್ಯಮೂಲದ ಆಹಾರದ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ. ಈ ರೂಪದ ಕಬ್ಬಿಣ ಸುಲಭವಾಗಿ ಕರಗದು. ಹೀರುಕೋಶದ ಹೊರಮೈಯಲ್ಲಿರುವ ಡಿಸೈಟ್‌ಬಿ ಎಂಬ ಕಿಣ್ವವೂ ಆಹಾರದ ವಿಟಮಿನ್ ಸಿಯಂಥ ವಸ್ತುಗಳೂ ಇದನ್ನು ಫೆರಸ್ ರೂಪಕ್ಕೆ ತರುತ್ತವೆ. ಹಾಗೆ ಬದಲಾದ ಕಬ್ಬಿಣವನ್ನು ಡಿಎಂಟಿ1 ಎಂಬ ವಾಹಕ ಪ್ರೋಟೀನು ಕೋಶದೊಳಕ್ಕೆ ಒಯ್ಯುತ್ತದೆ. ಇದಕ್ಕೆ ಆಮ್ಲೀಯ ವಾತಾವರಣ ಬೇಕು. ಪ್ರತಿ ಕಬ್ಬಿಣದ ಅಯಾನಿನ ಜೊತೆಗೆ ಪ್ರೋಟಾನನ್ನೂ ಇದು ಒಳಗೆ ಸೇರಿಸುತ್ತದೆ. ಮ್ಯಾಂಗನೀಸ್, ಕೋಬಾಲ್ಟ್, ಕ್ಯಾಡ್ಮಿಯಂಗಳೂ ಡಿಎಂಟಿ1ರ ಮೂಲಕ ನುಸುಳಬಲ್ಲವು. ಕಬ್ಬಿಣದ ಕೊರತೆಯುಳ್ಳ ಪ್ರಾಣಿ ವಿಷಕಾರಿ ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳಲು ಇದೂ ಒಂದು ಕಾರಣ.

ಕೋಶದೊಳಗೆ ಬಂದ ಕಬ್ಬಿಣಕ್ಕೆ ಎರಡು ಗತಿಗಳಿವೆ. ದೇಹಕ್ಕೆ ಬೇಡದಿದ್ದರೆ ಅದು ಫೆರಿಟಿನ್‌ನಲ್ಲಿ ಉಳಿದು, ಕೆಲವೇ ದಿನಗಳಲ್ಲಿ ಕೋಶ ಉದುರಿದಾಗ ಮಲದೊಡನೆ ಹೊರಹೋಗುತ್ತದೆ. ಬೇಕಿದ್ದರೆ ಫೆರೊಪೋರ್ಟಿನ್ ಎಂಬ ವಾಹಕ ಅದನ್ನು ರಕ್ತದ ಕಡೆಗೆ ದಾಟಿಸುತ್ತದೆ. ಅಲ್ಲಿ ಹೆಫೆಸ್ಟಿನ್ ಎಂಬ ತಾಮ್ರಯುಕ್ತ ಕಿಣ್ವ ಫೆರಸ್ ಕಬ್ಬಿಣವನ್ನು ಮತ್ತೆ ಫೆರಿಕ್ ಮಾಡುತ್ತದೆ. ಫೆರಿಕ್ ಕಬ್ಬಿಣವನ್ನು ರಕ್ತದ ಟ್ರಾನ್ಸ್‌ಫೆರಿನ್ ಹಿಡಿದುಕೊಂಡು ಅಸ್ಥಿಮಜ್ಜೆಗೂ ಇತರ ಅಂಗಗಳಿಗೂ ತಲುಪಿಸುತ್ತದೆ.

ಈ ಪಟ್ಟಿಯ ಹೆಸರುಗಳಲ್ಲಿ ಟ್ರಾನ್ಸ್‌ಫೆರಿನ್ ಮತ್ತು ಫೆರಿಟಿನ್ ಬಿಟ್ಟರೆ ಉಳಿದವೆಲ್ಲ 1997ರಿಂದ 2001ರ ನಡುವಿನ ಐದು ವರ್ಷಗಳಲ್ಲಿ ಸ್ಪಷ್ಟವಾದವು. ಅವುಗಳಿಗೆ ದಾರಿ ತೋರಿದ ಕೆಲವು ಇಲಿಗಳು ಅದಕ್ಕೂ ದಶಕಗಳ ಹಿಂದಿನಿಂದ ಪ್ರಯೋಗಾಲಯಗಳ ಪಂಜರಗಳಲ್ಲಿದ್ದವು.

ಎಂಕೆ ಇಲಿ: ಒಳಬರುವ ಬಾಗಿಲು ಮುಚ್ಚಿದ ತಳಿ

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯ 1929ರಲ್ಲಿ ಆರಂಭವಾದ, ಇಲಿಗಳ ಆನುವಂಶಿಕತೆಯ ಅಧ್ಯಯನಕ್ಕೆ ಹೆಸರಾದ ಸಂಸ್ಥೆ. ಅಲ್ಲಿನ ಎಲಿಜಬೆತ್ ರಸೆಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ವರದಿ ಮಾಡಿ, 1970ರಲ್ಲಿ ವಿವರವಾಗಿ ವರ್ಣಿಸಿದ ತಳಿ ಎಂಕೆ. ಕಿರುಕಣ ರಕ್ತಹೀನತೆ ಇದರ ಲಕ್ಷಣ. ಇದು ದುರ್ಬಲ ಗುಣವಾಗಿ ಇಳಿಯುತ್ತದೆ: ದೋಷವುಳ್ಳ ಜೀನಿನ ಎರಡು ಪ್ರತಿಗಳನ್ನು ಪಡೆದ ಮರಿಗೆ ಮಾತ್ರ ಕಾಯಿಲೆ, ಒಂದೇ ಪ್ರತಿಯಿದ್ದರೆ ಆರೋಗ್ಯ. ಕಾಯಿಲೆಯ ಮರಿಗಳು ಹುಟ್ಟುವಾಗಲೇ ಬಿಳಿಚಿಕೊಂಡು ಸಣ್ಣಗಿರುತ್ತವೆ. ಹಲವು ಎಳೆಯ ವಯಸ್ಸಿನಲ್ಲೇ ಸಾಯುತ್ತವೆ.

ವಿಕಿರಣಶೀಲ ಕಬ್ಬಿಣ ಬಳಸಿ 1970ರ ದಶಕದ ಆರಂಭದಲ್ಲಿ ಎಡ್ವರ್ಡ್ಸ್ ಮತ್ತು ಹೋಕ್ ನಡೆಸಿದ ಪ್ರಯೋಗಗಳಿಂದ, ಈ ಇಲಿಗಳ ಕರುಳಿನ ಕೋಶದೊಳಕ್ಕೆ ಕಬ್ಬಿಣ ಪ್ರವೇಶಿಸುವುದೇ ಕಷ್ಟವೆಂದು ತಿಳಿಯಿತು. ತೊಂದರೆ ಕರುಳಿನಲ್ಲಷ್ಟೇ ಇದ್ದಿದ್ದರೆ ಚುಚ್ಚುಮದ್ದಿನಿಂದ ಕಬ್ಬಿಣ ಕೊಟ್ಟಾಗ ರಕ್ತಹೀನತೆ ವಾಸಿಯಾಗಬೇಕಿತ್ತು. ಆಗಲಿಲ್ಲ. ಡೇವಿಡ್ ಹ್ಯಾರಿಸನ್ 1972ರಲ್ಲಿ ಅಸ್ಥಿಮಜ್ಜೆಯ ಕಸಿ ನಡೆಸಿ ನೋಡಿದಾಗ ಎರಡನೆಯ ದೋಷವೊಂದು ಗೋಚರವಾಯಿತು: ರಕ್ತಕಣಗಳನ್ನು ತಯಾರಿಸುವ ಕೋಶಗಳಿಗೂ ಕಬ್ಬಿಣವನ್ನು ಒಳಗೆ ಪಡೆಯಲು ಆಗುತ್ತಿರಲಿಲ್ಲ. ಕರುಳಿಗೂ ಮಜ್ಜೆಗೂ ಸಮಾನವಾದ ಒಂದು ಪ್ರೋಟೀನು ಕೆಟ್ಟಿದೆ ಎಂಬ ನಿಲುವಿಗೆ ಇದರಿಂದ ಬಲ ಬಂತು.

ಆ ಪ್ರೋಟೀನು 1997ರಲ್ಲಿ ಎರಡು ಬೇರೆ ಬೇರೆ ದಾರಿಗಳಿಂದ ಸಿಕ್ಕಿತು. ಬಾಸ್ಟನ್ನಿನ ಮಾರ್ಕ್ ಫ್ಲೆಮಿಂಗ್, ನ್ಯಾನ್ಸಿ ಆಂಡ್ರೂಸ್ ಮತ್ತು ಸಂಗಡಿಗರು ಎಂಕೆ ಇಲಿಯ ದೋಷವನ್ನು 15ನೆಯ ವರ್ಣತಂತುವಿನಲ್ಲಿ ಹುಡುಕಿ, ಅದು ಡಿಎಂಟಿ1ರ ಜೀನಿನಲ್ಲಿದೆ ಎಂದು ತೋರಿಸಿದರು. ಅದೇ ವರ್ಷ ಹಿರೋಮಿ ಗುನ್ಶಿನ್, ಮಥಿಯಾಸ್ ಹೆಡಿಗರ್ ಮತ್ತು ಸಂಗಡಿಗರು ಕಬ್ಬಿಣದ ಕೊರತೆಯುಳ್ಳ ರ‍್ಯಾಟ್ ಜಾತಿಯ ಇಲಿಯ ಡುವೊಡಿನಮ್‌ನಿಂದ ಆರ್‌ಎನ್‌ಎ ತೆಗೆದು, ಕಪ್ಪೆಯ ಅಂಡಕೋಶಗಳಿಗೆ ಸೇರಿಸಿ, ಆ ಕೋಶಗಳು ಕಬ್ಬಿಣವನ್ನು ಎಳೆದುಕೊಳ್ಳುವಂತೆ ಮಾಡುವ ಪ್ರೋಟೀನನ್ನು ಗುರುತಿಸಿದರು. ಎರಡೂ ಒಂದೇ ಪ್ರೋಟೀನು. ಎಂಕೆ ಇಲಿಯಲ್ಲಿ ಅದರ 185ನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲದ ಬದಲು ಆರ್ಜಿನಿನ್ ಬಂದು ಕೂತಿತ್ತು.

ಬೆಲ್‌ಗ್ರೇಡ್ ರ‍್ಯಾಟ್ ಎಂಬ ಇನ್ನೊಂದು ರಕ್ತಹೀನ ತಳಿ ಯುಗೊಸ್ಲಾವಿಯದಲ್ಲಿ ಎಕ್ಸ್-ಕಿರಣಕ್ಕೆ ಒಡ್ಡಿದ ಪ್ರಾಣಿಗಳ ಸಂತತಿಯಲ್ಲಿ ಕಾಣಿಸಿಕೊಂಡಿತ್ತು. 1998ರಲ್ಲಿ ಅದರ ಜೀನನ್ನು ಪರೀಕ್ಷಿಸಿದಾಗ ಅಲ್ಲಿಯೂ ಅದೇ 185ನೆಯ ಗ್ಲೈಸಿನ್ ಆರ್ಜಿನಿನ್ ಆಗಿ ಬದಲಾಗಿದ್ದುದು ಕಂಡುಬಂತು. ಬೇರೆ ಜಾತಿಯಲ್ಲಿ, ಬೇರೆ ಖಂಡದಲ್ಲಿ ಅದೇ ಜಾಗದ ಅದೇ ಬದಲಾವಣೆ ಕಂಡದ್ದು ವಿಜ್ಞಾನಿಗಳನ್ನು ಅಚ್ಚರಿಗೊಳಿಸಿತು. ಈ ಬದಲಾವಣೆಯಿಂದ ಡಿಎಂಟಿ1ರ ಕಬ್ಬಿಣ ಸಾಗಿಸುವ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ. ಎಂಕೆ ಇಲಿಯ ಕರುಳು ಕೊರತೆಯನ್ನು ತುಂಬಿಕೊಳ್ಳಲು ಈ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಆದರೆ ಅದು ಕೋಶದ ಪೊಳ್ಳಿನ ಕಡೆಯ ಅಂಚನ್ನು ಸರಿಯಾಗಿ ಸೇರುವುದಿಲ್ಲ. ಬದಲಾದ ಪ್ರೋಟೀನು ಕ್ಯಾಲ್ಸಿಯಂ ಅನ್ನು ಕೋಶದೊಳಗೆ ಬಿಟ್ಟುಕೊಳ್ಳುವ ಹೊಸ ಗುಣವನ್ನೂ ಪಡೆದಿರುತ್ತದೆ ಎಂದು 2004ರಲ್ಲಿ ತಿಳಿಯಿತು.

ಮಜ್ಜೆಯಲ್ಲಿ ಡಿಎಂಟಿ1ರ ಕೆಲಸ ಸ್ವಲ್ಪ ಬೇರೆ. ಟ್ರಾನ್ಸ್‌ಫೆರಿನ್ ಹೊತ್ತು ತಂದ ಕಬ್ಬಿಣ ಮೊದಲು ಎಂಡೊಸೋಮ್ ಎಂಬ ಪುಟ್ಟ ಚೀಲದೊಳಗೆ ಬರುತ್ತದೆ. ಆ ಚೀಲದಿಂದ ಕೋಶರಸಕ್ಕೆ ಅದನ್ನು ದಾಟಿಸುವುದೂ ಡಿಎಂಟಿ1. ಚುಚ್ಚುಮದ್ದಿನ ಕಬ್ಬಿಣ ಎಂಕೆ ಇಲಿಗೆ ಪ್ರಯೋಜನವಾಗದಿರಲು ಇದೇ ಕಾರಣ. ಡಿಎಂಟಿ1 ಜೀನನ್ನು ಪೂರ್ತಿಯಾಗಿ ತೆಗೆದ ಇಲಿಗಳನ್ನು 2005ರಲ್ಲಿ ಅಧ್ಯಯನ ಮಾಡಲಾಯಿತು. ಅವು ಹುಟ್ಟಿದವು, ಆದರೆ ತೀವ್ರ ರಕ್ತಹೀನತೆಯಿಂದ ಒಂದು ವಾರದೊಳಗೆ ಸತ್ತವು. ಅವು ಗರ್ಭದಲ್ಲಿ ಬೆಳೆದು ಹುಟ್ಟಿದ್ದರಿಂದ, ಮಾಸಿನ ಮೂಲಕ ತಾಯಿಯ ಕಬ್ಬಿಣ ಭ್ರೂಣಕ್ಕೆ ತಲುಪಲು ಡಿಎಂಟಿ1 ಅನಿವಾರ್ಯವಲ್ಲ ಎಂಬುದೂ ಗೊತ್ತಾಯಿತು.

ಎಸ್‌ಎಲ್‌ಎ ಇಲಿ: ಒಳಬಂದರೂ ಹೊರದಾಟದ ಕಬ್ಬಿಣ

ಲಿಂಗಸಂಬಂಧಿ ರಕ್ತಹೀನತೆಯ ತಳಿಯಾದ ಎಸ್‌ಎಲ್‌ಎಯನ್ನು 1962ರಲ್ಲಿ ಫಾಲ್ಕನರ್ ಮತ್ತು ಐಸಾಕ್ಸನ್ ವರ್ಣಿಸಿದರು. ಇದರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಎಕ್ಸ್ ಒಂದೇ ಆದ್ದರಿಂದ ಅದು ಸುಲಭವಾಗಿ ಕಾಯಿಲೆಗೆ ಒಳಗಾಗುತ್ತದೆ. ಒಂದು ಎಕ್ಸ್‌ನಲ್ಲಿ ಮಾತ್ರ ದೋಷವುಳ್ಳ ಹೆಣ್ಣು ಬಹುಮಟ್ಟಿಗೆ ಆರೋಗ್ಯವಾಗಿರುತ್ತದೆ.

ಈ ಇಲಿಯ ಡುವೊಡಿನಮ್‌ನ ತೆಳುಪದರವನ್ನು ಕತ್ತರಿಸಿ, ಕಬ್ಬಿಣವಿದ್ದಲ್ಲಿ ನೀಲಿಯಾಗಿ ತೋರುವ ಪ್ರಷ್ಯನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ದೋಷ ಕಣ್ಣಿಗೇ ಕಾಣುತ್ತದೆ. ವಿಲ್ಲಸ್‌ನ ಉದ್ದಕ್ಕೂ ಹೀರುಕೋಶಗಳ ಒಳಗೆ ನೀಲಿ ಕಣಗಳು ತುಂಬಿರುತ್ತವೆ. ರಕ್ತಕ್ಕೆ ಕಬ್ಬಿಣ ಸಾಲದ ಪ್ರಾಣಿಯಲ್ಲಿ ಕರುಳಿನ ಕೋಶ ಬರಿದಾಗಿರಬೇಕಿತ್ತು; ಇಲ್ಲಿ ಅದು ತುಂಬಿ ತುಳುಕುತ್ತದೆ. ಕಬ್ಬಿಣ ಕೋಶದೊಳಗೆ ಬಂದಿದೆ, ಆದರೆ ರಕ್ತಕ್ಕೆ ದಾಟಿಲ್ಲ. ಕೋಶ ಉದುರಿದಾಗ ಅದೂ ಹೊರಹೋಗುತ್ತದೆ. ಪಿಂಕರ್ಟನ್ ಮತ್ತು ಬ್ಯಾನರ್‌ಮನ್ 1967ರಲ್ಲಿ, ಎಡ್ವರ್ಡ್ಸ್ ಮತ್ತು ಬ್ಯಾನರ್‌ಮನ್ 1970ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದನ್ನು ಸ್ಥಾಪಿಸಿದವು. ಎಂಕೆ ಇಲಿಗಿಂತ ಭಿನ್ನವಾಗಿ, ಎಸ್‌ಎಲ್‌ಎ ಇಲಿಗೆ ಕಬ್ಬಿಣದ ಚುಚ್ಚುಮದ್ದು ಕೊಟ್ಟರೆ ರಕ್ತಹೀನತೆ ಸರಿಹೋಗುತ್ತದೆ. ಅದರ ಮಜ್ಜೆಯಲ್ಲಿ ದೋಷವಿಲ್ಲ, ಇರುವುದು ಕರುಳಿನಲ್ಲಿ.

ಕೆಟ್ಟ ಪ್ರೋಟೀನು ಹೆಫೆಸ್ಟಿನ್ ಎಂದು 1999ರಲ್ಲಿ ಕ್ರಿಸ್ ವಲ್ಪೆ, ಜೇನ್ ಗಿಟ್‌ಶಿಯರ್ ಮತ್ತು ಸಂಗಡಿಗರು ಗುರುತಿಸಿದರು. ಎಸ್‌ಎಲ್‌ಎ ಇಲಿಯಲ್ಲಿ ಈ ಪ್ರೋಟೀನಿನ 194 ಅಮೈನೊ ಆಮ್ಲಗಳ ತುಂಡೊಂದು ಇರುವುದೇ ಇಲ್ಲ. ಹೆಫೆಸ್ಟಿನ್ ರಕ್ತದಲ್ಲಿರುವ ಸೆರುಲೊಪ್ಲಾಸ್ಮಿನ್ ಎಂಬ ತಾಮ್ರಯುಕ್ತ ಪ್ರೋಟೀನನ್ನು ಬಹಳ ಮಟ್ಟಿಗೆ ಹೋಲುತ್ತದೆ. ಹಳೆಯ ಒಗಟೊಂದಕ್ಕೆ ಇದರಿಂದ ಉತ್ತರ ಸಿಕ್ಕಿತು. ವಿಸ್ಕಾನ್ಸಿನ್‌ನ ಹಾರ್ಟ್, ಸ್ಟೀನ್‌ಬಾಕ್, ವ್ಯಾಡೆಲ್ ಮತ್ತು ಎಲ್ವೆಜೆಮ್ 1928ರಲ್ಲಿ, ಬರೀ ಹಾಲು ಕುಡಿದು ರಕ್ತಹೀನವಾದ ರ‍್ಯಾಟ್‌ಗಳಿಗೆ ಕಬ್ಬಿಣವೊಂದೇ ಸಾಲದು, ಜೊತೆಗೆ ತಾಮ್ರವೂ ಬೇಕು ಎಂದು ತೋರಿಸಿದ್ದರು. ತಾಮ್ರದ ಕೊರತೆಯಿದ್ದ ಹಂದಿಗಳ ಕರುಳಿನ ಕೋಶಗಳಲ್ಲೂ ಕಬ್ಬಿಣ ಸಿಕ್ಕಿಬೀಳುವುದನ್ನು 1960ರ ದಶಕದಲ್ಲಿ ಗಮನಿಸಲಾಗಿತ್ತು. ಕಬ್ಬಿಣ ಕರುಳಿನಿಂದ ರಕ್ತಕ್ಕೆ ಸರಾಗವಾಗಿ ದಾಟಲು ತಾಮ್ರವನ್ನು ಅವಲಂಬಿಸಿದ ಕಿಣ್ವ ಬೇಕೆಂಬುದು ಹೆಫೆಸ್ಟಿನ್‌ನಿಂದ ಖಚಿತವಾಯಿತು.

ಎಸ್‌ಎಲ್‌ಎ ಇಲಿಯ ರಕ್ತಹೀನತೆ ಎಂಕೆಯಷ್ಟು ಉಗ್ರವಲ್ಲ. ವೇಗವಾಗಿ ಬೆಳೆಯುವ ಎಳವೆಯಲ್ಲಿ ಕಬ್ಬಿಣದ ಬೇಡಿಕೆ ಹೆಚ್ಚಿರುವಾಗ ಅದು ಎದ್ದು ಕಾಣುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಹೆಫೆಸ್ಟಿನ್ ಇಲ್ಲದಿದ್ದರೂ ಸ್ವಲ್ಪ ಕಬ್ಬಿಣ ದಾಟುತ್ತದೆ ಎಂದು ಇದರಿಂದ ತಿಳಿಯುತ್ತದೆ.

ಹೊರದಾಟಿಸುವ ಮುಖ್ಯ ವಾಹಕವಾದ ಫೆರೊಪೋರ್ಟಿನ್‌ನ ಕಥೆ ಬೇರೆ. 2000ನೆಯ ವರ್ಷದಲ್ಲಿ ಮೂರು ತಂಡಗಳು ಅದನ್ನು ಸ್ವತಂತ್ರವಾಗಿ ಕಂಡುಹಿಡಿದವು. ಅವುಗಳಲ್ಲೊಂದು ರಕ್ತಹೀನ ಜೀಬ್ರಾಮೀನಿನ ತಳಿಯಿಂದ ಹೊರಟಿತ್ತು. ಈ ಜೀನನ್ನು ಪೂರ್ತಿ ತೆಗೆದ ಇಲಿಯ ಭ್ರೂಣ ಬದುಕುವುದಿಲ್ಲ. ಕರುಳಿನಲ್ಲಿ ಮಾತ್ರ ತೆಗೆದಾಗ ಮರಿ ಹುಟ್ಟುತ್ತದೆ, ಆದರೆ ಹೀರುಕೋಶಗಳಲ್ಲಿ ಕಬ್ಬಿಣ ಸಿಕ್ಕಿಕೊಂಡು ತೀವ್ರ ರಕ್ತಹೀನತೆ ಬರುತ್ತದೆ. ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗಲು ಇದಕ್ಕೆ ಬದಲಿ ದಾರಿಯಿಲ್ಲವೆಂದು 2005ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿತು.

ಹೆಪ್ಸಿಡಿನ್: ಹೀರಿಕೆಯ ಹಿಡಿತ

ಹೀರಿಕೆಯನ್ನು ಎಷ್ಟು ತೆರೆಯಬೇಕು, ಎಷ್ಟು ಮುಚ್ಚಬೇಕು ಎಂದು ತೀರ್ಮಾನಿಸುವುದು ಯಕೃತ್ತು. ಅದು ರಕ್ತಕ್ಕೆ ಬಿಡುವ ಹೆಪ್ಸಿಡಿನ್ ಎಂಬ ಹಾರ್ಮೋನಿನಲ್ಲಿ ಕೇವಲ 25 ಅಮೈನೊ ಆಮ್ಲಗಳಿವೆ. ಅದು ಫೆರೊಪೋರ್ಟಿನ್‌ಗೆ ಅಂಟಿಕೊಂಡು, ಆ ವಾಹಕವನ್ನು ಕೋಶದೊಳಕ್ಕೆ ಎಳೆಸಿ ನಾಶಮಾಡಿಸುತ್ತದೆ. ಇದನ್ನು 2004ರಲ್ಲಿ ಎಲಿಜಬೆಟಾ ನೆಮೆತ್, ಟೊಮಾಸ್ ಗಾಂಜ್ ಮತ್ತು ಸಂಗಡಿಗರು ತೋರಿಸಿದರು. ಹೆಪ್ಸಿಡಿನ್ ಹೆಚ್ಚಾದರೆ ಕರುಳಿನಿಂದಲೂ ಮ್ಯಾಕ್ರೊಫೇಜ್‌ಗಳಿಂದಲೂ ಕಬ್ಬಿಣ ಹೊರಬರುವುದು ನಿಲ್ಲುತ್ತದೆ. ಕಡಿಮೆಯಾದರೆ ಧಾರಾಳವಾಗಿ ಹರಿಯುತ್ತದೆ.

ಹೆಪ್ಸಿಡಿನ್‌ಗೂ ಕಬ್ಬಿಣಕ್ಕೂ ಇರುವ ನಂಟು ಗಟ್ಟಿಯಾದದ್ದು ಪ್ಯಾರಿಸಿನ ಒಂದು ಅನಿರೀಕ್ಷಿತ ಫಲಿತಾಂಶದಿಂದ. ಸೋಫಿ ವೋಲಾಂಟ್ ಮತ್ತು ಸಂಗಡಿಗರು ಅಧ್ಯಯನ ಮಾಡುತ್ತಿದ್ದದ್ದು ಯುಎಸ್‌ಎಫ್2 ಎಂಬ ಬೇರೊಂದು ಜೀನನ್ನು. ಅದನ್ನು ತೆಗೆದ ಇಲಿಗಳ ಯಕೃತ್ತಿನಲ್ಲೂ ಮೇದೋಜೀರಕದಲ್ಲೂ ಕಬ್ಬಿಣ ತುಂಬಿಕೊಂಡಿತು. ಪಕ್ಕದಲ್ಲೇ ಇದ್ದ ಹೆಪ್ಸಿಡಿನ್ ಜೀನು ಕೆಲಸ ನಿಲ್ಲಿಸಿದ್ದೇ ಕಾರಣವೆಂದು ಅವರು 2001ರಲ್ಲಿ ವರದಿ ಮಾಡಿದರು. ಮರುವರ್ಷ ಅದೇ ತಂಡ ಇದಕ್ಕೆ ವಿರುದ್ಧವಾದ ಇಲಿಯನ್ನು ಸೃಷ್ಟಿಸಿತು: ಯಕೃತ್ತಿನಲ್ಲಿ ಹೆಪ್ಸಿಡಿನ್ ಮಿತಿಮೀರಿ ತಯಾರಾಗುವಂಥದ್ದು. ಆ ಮರಿಗಳ ಚರ್ಮ ಬಿಳಿಚಿಕೊಂಡಿತ್ತು, ದೇಹದಲ್ಲಿ ಕಬ್ಬಿಣ ತೀರ ಕಡಿಮೆಯಿತ್ತು. ಹೆಚ್ಚಿನವು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಸತ್ತವು. ಹೆಪ್ಸಿಡಿನ್ ಒಂದೇ ಹೆಚ್ಚಾದರೂ ಸಾಕು, ಮಾರಕವಾದ ಕಬ್ಬಿಣ ಕೊರತೆ ಉಂಟಾಗುತ್ತದೆ ಎಂದು ಇದರಿಂದ ಸಾಬೀತಾಯಿತು.

ಮಾಸ್ಕ್ ಇಲಿ ಮತ್ತು ಮಾತ್ರೆಗೆ ಬಗ್ಗದ ರಕ್ತಹೀನತೆ

ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ ರಾಸಾಯನಿಕದಿಂದ ಇಲಿಗಳಲ್ಲಿ ಉತ್ಪರಿವರ್ತನೆಗಳನ್ನು ಉಂಟುಮಾಡಿ ಹೊಸ ಲಕ್ಷಣಗಳನ್ನು ಹುಡುಕುತ್ತಿತ್ತು. ಆಗ ಕಾಣಿಸಿಕೊಂಡ ಒಂದು ತಳಿಯಲ್ಲಿ ಮೈಯ ಕೂದಲೆಲ್ಲ ಉದುರಿ, ತಲೆಯ ಮೇಲಿನ ಕೂದಲು ಮಾತ್ರ ಮುಖವಾಡದಂತೆ ಉಳಿದಿತ್ತು. ಅದಕ್ಕೆ ಮಾಸ್ಕ್ ಎಂದೇ ಹೆಸರಿಟ್ಟರು. ಪರೀಕ್ಷಿಸಿದಾಗ ಆ ಇಲಿಗಳಿಗೆ ಕಿರುಕಣ ರಕ್ತಹೀನತೆಯಿತ್ತು, ಹೆಣ್ಣುಗಳಿಗೆ ಬಂಜೆತನವಿತ್ತು. ಕಬ್ಬಿಣದ ಕೊರತೆಯಿದ್ದಾಗ ಹೆಪ್ಸಿಡಿನ್ ಇಳಿಯಬೇಕು. ಇವುಗಳಲ್ಲಿ ಅದು ಏರಿಯೇ ಇತ್ತು. ಹೆಚ್ಚು ಕಬ್ಬಿಣ ಬೆರೆಸಿದ ಆಹಾರ ಕೊಟ್ಟಾಗ ರಕ್ತ ಸುಧಾರಿಸಿತು, ಮೈಮೇಲೆ ಕೂದಲು ಮತ್ತೆ ಬೆಳೆಯಿತು. ಕೂದಲು ಉದುರಿದ್ದು ಕಬ್ಬಿಣದ ಅಭಾವದಿಂದಲೇ ಎಂದು ಇದರಿಂದ ತಿಳಿಯಿತು.

ಮಾಸ್ಕ್ ಇಲಿಯ ದೋಷವಿದ್ದದ್ದು ಟಿಎಂಪಿಆರ್‌ಎಸ್‌ಎಸ್6 ಎಂಬ ಜೀನಿನಲ್ಲಿ. ಅದರಿಂದ ತಯಾರಾಗುವ ಮ್ಯಾಟ್ರಿಪ್ಟೇಸ್-2 ಎಂಬ ಕಿಣ್ವ ಯಕೃತ್ತಿನ ಕೋಶಗಳ ಹೊರಮೈಯಲ್ಲಿರುತ್ತದೆ. ಹೆಪ್ಸಿಡಿನ್ ತಯಾರಿಸುವಂತೆ ಯಕೃತ್ತಿಗೆ ಸಂಕೇತ ಕಳುಹಿಸುವಲ್ಲಿ ಹೀಮೋಜುವೆಲಿನ್ ಎಂಬ ಪ್ರೋಟೀನಿಗೆ ಪಾತ್ರವಿದೆ. ಮ್ಯಾಟ್ರಿಪ್ಟೇಸ್-2 ಅದನ್ನು ಕತ್ತರಿಸಿ ಸಂಕೇತವನ್ನು ತಗ್ಗಿಸುತ್ತದೆ ಎಂದು ಇಟಲಿಯ ಕ್ಲಾರಾ ಕಮಾಸ್ಕೆಲ್ಲಾ ಅವರ ತಂಡ 2008ರಲ್ಲಿ ತೋರಿಸಿತು. ಕಿಣ್ವ ಇಲ್ಲವಾದರೆ ಸಂಕೇತ ನಿಲ್ಲುವುದಿಲ್ಲ, ಹೆಪ್ಸಿಡಿನ್ ಇಳಿಯುವುದಿಲ್ಲ, ಕರುಳಿನ ಬಾಗಿಲು ತೆರೆಯುವುದಿಲ್ಲ. ಮ್ಯಾಟ್ರಿಪ್ಟೇಸ್-2 ಮತ್ತು ಹೀಮೋಜುವೆಲಿನ್ ಎರಡೂ ಇಲ್ಲದ ಇಲಿಗಳಲ್ಲಿ ರಕ್ತಹೀನತೆಯ ಬದಲು ಕಬ್ಬಿಣದ ಅತಿಸಂಗ್ರಹ ಕಂಡುಬಂದದ್ದು ಈ ಕ್ರಮಕ್ಕೆ ಪುಷ್ಟಿ ನೀಡಿತು.

ಮಾಸ್ಕ್ ಇಲಿಯ ವರದಿ ಬಂದ 2008ರಲ್ಲೇ ಕ್ಯಾರಿನ್ ಫಿನ್‌ಬರ್ಗ್ ಮತ್ತು ಸಂಗಡಿಗರು ಐರಿಡಾ ಎಂಬ ಮನುಷ್ಯರ ಕಾಯಿಲೆಗೂ ಇದೇ ಜೀನಿನ ದೋಷ ಕಾರಣವೆಂದು ಪ್ರಕಟಿಸಿದರು. ಕಬ್ಬಿಣದ ಮಾತ್ರೆಗೆ ಬಗ್ಗದ, ಕಬ್ಬಿಣ ಕೊರತೆಯ ಆನುವಂಶಿಕ ರಕ್ತಹೀನತೆ ಇದು. ಇಂಥ ಒಡಹುಟ್ಟಿದವರನ್ನು ಕುರಿತ ವೈದ್ಯಕೀಯ ವರದಿ 1981ರಲ್ಲೇ ಬಂದಿತ್ತು. ಕಾರಣ ತಿಳಿಯಲು 27 ವರ್ಷ ಬೇಕಾಯಿತು. ಈ ರೋಗಿಗಳಿಗೆ ಮಾತ್ರೆಯಿಂದ ಪ್ರಯೋಜನ ಅತ್ಯಲ್ಪ. ರಕ್ತನಾಳಕ್ಕೆ ನೇರವಾಗಿ ಕೊಟ್ಟ ಕಬ್ಬಿಣವೂ ಭಾಗಶಃ ಮಾತ್ರ ನೆರವಾಗುತ್ತದೆ, ಏಕೆಂದರೆ ಆ ಕಬ್ಬಿಣ ಮೊದಲು ಮ್ಯಾಕ್ರೊಫೇಜ್‌ಗಳನ್ನು ಸೇರುತ್ತದೆ, ಅಲ್ಲಿಂದ ಹೊರಬರುವುದನ್ನೂ ಹೆಪ್ಸಿಡಿನ್ ತಡೆಯುತ್ತದೆ. ಇದೇ ಜೀನಿನ ಸಾಮಾನ್ಯ ಭಿನ್ನರೂಪಗಳು ಆರೋಗ್ಯವಂತರ ಹಿಮೋಗ್ಲೋಬಿನ್ ಮಟ್ಟವನ್ನೂ ತುಸು ಏರುಪೇರು ಮಾಡುತ್ತವೆ. ಯುರೋಪಿಯನ್ ಮತ್ತು ಭಾರತೀಯ ಮೂಲದ ಜನರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು 2009ರಲ್ಲಿ ಇದನ್ನು ತೋರಿಸಿತು.

ಹೀರಿಕೆ ಸರಿಯಿದ್ದೂ ಬಳಕೆ ಕೆಟ್ಟ ತಳಿಗಳು

ಕೆಲವು ಇಲಿಗಳಲ್ಲಿ ಕರುಳಿನ ಕೆಲಸ ಚೆನ್ನಾಗಿದ್ದರೂ ಮಜ್ಜೆಗೆ ಕಬ್ಬಿಣ ದಕ್ಕುವುದಿಲ್ಲ. ಎಚ್‌ಪಿಎಕ್ಸ್ ಎಂಬ ತಳಿಯಲ್ಲಿ ಟ್ರಾನ್ಸ್‌ಫೆರಿನ್ ಬಹುತೇಕ ಇಲ್ಲವೇ ಇಲ್ಲ. ಟ್ರಾನ್ಸ್‌ಫೆರಿನ್ ಇಲ್ಲವೆ ರಕ್ತ ಕೊಟ್ಟು ಕಾಪಾಡದಿದ್ದರೆ ಮರಿಗಳು ಬದುಕಲಾರವು. ಮಜ್ಜೆ ಕಬ್ಬಿಣವಿಲ್ಲದೆ ಬಳಲುತ್ತಿರುವಾಗಲೇ ಯಕೃತ್ತು ಮತ್ತು ಮೇದೋಜೀರಕಗಳಲ್ಲಿ ಅದು ರಾಶಿಬೀಳುತ್ತದೆ. ರಕ್ತಹೀನತೆಯಿಂದಾಗಿ ಕರುಳು ಎಂದಿಗಿಂತ ಹಲವು ಪಟ್ಟು ಹೆಚ್ಚು ಕಬ್ಬಿಣವನ್ನು ಹೀರುತ್ತಲೇ ಇರುತ್ತದೆ. ಹೀರಿಕೆ ಇಷ್ಟು ಜೋರಾಗಿ ನಡೆಯುವ ಕರುಳಿನಲ್ಲಿ ಹೀರಿಕೆಯ ಜೀನುಗಳೂ ಜೋರಾಗಿ ಕೆಲಸ ಮಾಡುತ್ತಿರಬೇಕೆಂಬ ಎಣಿಕೆಯಿಂದ ಲಂಡನ್ನಿನ ಆಂಡ್ರೂ ಮೆಕೀ ಮತ್ತು ಸಂಗಡಿಗರು ಎಚ್‌ಪಿಎಕ್ಸ್ ಇಲಿಯ ಡುವೊಡಿನಮ್ ಅನ್ನೇ ಆರಿಸಿಕೊಂಡರು. 2000ದಲ್ಲಿ ಫೆರೊಪೋರ್ಟಿನ್ ಮತ್ತು 2001ರಲ್ಲಿ ಡಿಸೈಟ್‌ಬಿ ಅವರಿಗೆ ಸಿಕ್ಕಿದ್ದು ಹೀಗೆ.

ಎಂಡೊಸೋಮ್‌ನೊಳಗೆ ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡುವ ಸ್ಟೀಪ್3 ಎಂಬ ಕಿಣ್ವವನ್ನು ಪತ್ತೆಹಚ್ಚಿದ್ದೂ ರಕ್ತಹೀನ ಇಲಿಯೊಂದರಿಂದಲೇ, 2005ರಲ್ಲಿ. ಅದೇ ವರ್ಷ ಎಚ್‌ಬಿಡಿ ಎಂಬ ಇನ್ನೊಂದು ತಳಿಯ ದೋಷ, ಟ್ರಾನ್ಸ್‌ಫೆರಿನ್ ಗ್ರಾಹಕವನ್ನು ಹೊತ್ತ ಚೀಲಗಳು ಕೋಶದಲ್ಲಿ ಓಡಾಡಲು ಬೇಕಾದ ಜೀನಿನಲ್ಲಿದೆ ಎಂದು ಗೊತ್ತಾಯಿತು. ಟ್ರಾನ್ಸ್‌ಫೆರಿನ್ ಗ್ರಾಹಕವೇ ಇಲ್ಲದ ಇಲಿಯಂತೂ ಭ್ರೂಣಾವಸ್ಥೆಯನ್ನು ದಾಟುವುದಿಲ್ಲ.

ತಳಿಗಳನ್ನು ಅಡ್ಡಹಾಯಿಸಿದ ಪ್ರಯೋಗಗಳು

ಎರಡು ದೋಷಗಳನ್ನು ಒಂದೇ ಇಲಿಯಲ್ಲಿ ಸೇರಿಸಿದರೆ ಯಾವುದು ಮೊದಲು, ಯಾವುದು ಅನಂತರ ಎಂಬುದು ಸ್ಪಷ್ಟವಾಗುತ್ತದೆ. ಎಚ್‌ಎಫ್‌ಇ ಎಂಬ ಜೀನಿಲ್ಲದ ಇಲಿಗಳಲ್ಲಿ, ಮನುಷ್ಯರ ಹೀಮೋಕ್ರೊಮಟೋಸಿಸ್ ಕಾಯಿಲೆಯಂತೆ, ಕಬ್ಬಿಣ ಮಿತಿಮೀರಿ ಸಂಗ್ರಹವಾಗುತ್ತದೆ. ಈ ತಳಿಯನ್ನು ಎಂಕೆ ತಳಿಯೊಡನೆ ಅಡ್ಡಹಾಯಿಸಿ ಎರಡೂ ದೋಷಗಳಿರುವ ಇಲಿಗಳನ್ನು ಪಡೆದಾಗ ಅತಿಸಂಗ್ರಹ ತಪ್ಪಿತು. 2000ದಲ್ಲಿ ಆಂಡ್ರೂಸ್ ಅವರ ಪ್ರಯೋಗಾಲಯದಿಂದ ಬಂದ ಈ ಫಲಿತಾಂಶದಿಂದ, ಕಬ್ಬಿಣ ಹೆಚ್ಚಾಗುವ ಕಾಯಿಲೆಯಲ್ಲೂ ಅದು ಬರುವುದು ಡಿಎಂಟಿ1ರ ಅದೇ ಬಾಗಿಲಿನಿಂದ ಎಂದಾಯಿತು.

ಇದೇ ತರ್ಕ ಚಿಕಿತ್ಸೆಯ ಹೊಸ ದಾರಿಗೂ ಕಾರಣವಾಯಿತು. ಬೀಟಾ ಥಲಸ್ಸೀಮಿಯಾದಲ್ಲಿ ಹೆಪ್ಸಿಡಿನ್ ಕುಗ್ಗಿ ಕಬ್ಬಿಣ ವಿಪರೀತ ಹೀರಿಕೆಯಾಗುತ್ತದೆ. ಥಲಸ್ಸೀಮಿಯಾ ಇಲಿಗಳಲ್ಲಿ ಟಿಎಂಪಿಆರ್‌ಎಸ್‌ಎಸ್6 ಜೀನನ್ನು ಅಡಗಿಸಿದಾಗ ಹೆಪ್ಸಿಡಿನ್ ಏರಿ, ಕಬ್ಬಿಣದ ಸಂಗ್ರಹ ತಗ್ಗಿ, ರಕ್ತಹೀನತೆಯೂ ಸುಧಾರಿಸಿತೆಂದು 2012 ಮತ್ತು 2013ರ ಅಧ್ಯಯನಗಳು ತಿಳಿಸಿದವು. ಒಂದು ಕಾಯಿಲೆಯಲ್ಲಿ ಕೆಟ್ಟುಹೋದ ಜೀನು ಇನ್ನೊಂದು ಕಾಯಿಲೆಯಲ್ಲಿ ಔಷಧದ ಗುರಿಯಾಯಿತು.

ಅಳೆಯುವ ವಿಧಾನಗಳು

ಹೀರಿಕೆಯನ್ನು ಅಳೆಯಲು ಹೆಚ್ಚಾಗಿ ಬಳಸುವುದು ಕಬ್ಬಿಣ-59 ಎಂಬ ವಿಕಿರಣಶೀಲ ಐಸೊಟೋಪನ್ನು. ಇಲಿಯ ಬಾಯಿಯ ಮೂಲಕ ತೆಳು ನಳಿಕೆಯಿಂದ ಜಠರಕ್ಕೆ ಅದನ್ನು ಕೊಟ್ಟು, ಕೆಲವು ದಿನಗಳ ಅನಂತರ ದೇಹದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಡುವೊಡಿನಮ್‌ನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ ಅದರೊಳಗೆ ಕಬ್ಬಿಣದ ದ್ರಾವಣ ಹಾಕಿದರೆ, ಕೋಶದೊಳಗೆ ಹೋದದ್ದೆಷ್ಟು, ರಕ್ತಕ್ಕೆ ದಾಟಿದ್ದೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ತಿಳಿಯಬಹುದು. ಎಂಕೆ ಮತ್ತು ಎಸ್‌ಎಲ್‌ಎ ತಳಿಗಳ ದೋಷ ಎರಡು ಬೇರೆ ಹಂತಗಳಲ್ಲಿದೆ ಎಂಬುದು ಇಂಥ ಅಳತೆಗಳಿಂದ ಜೀನುಗಳ ಹೆಸರು ತಿಳಿಯುವ ಎಷ್ಟೋ ಮೊದಲೇ ಗೊತ್ತಾಗಿತ್ತು.

ಇಲಿ ಮತ್ತು ಮನುಷ್ಯ: ಸಾಮ್ಯ, ವ್ಯತ್ಯಾಸ

ಹಾದಿಯ ಮುಖ್ಯ ಪ್ರೋಟೀನುಗಳು ಎರಡೂ ಜೀವಿಗಳಲ್ಲಿ ಒಂದೇ. ಆದರೂ ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು. ಇಲಿ ತನ್ನ ದೇಹದಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೆ ಅದು ಆಹಾರದಿಂದಲೇ ಬರಬೇಕು. ಡಿಸೈಟ್‌ಬಿ ಇಲ್ಲದ ಇಲಿಗಳಲ್ಲಿ ಹೇಳಿಕೊಳ್ಳುವಂಥ ರಕ್ತಹೀನತೆ ಕಾಣದಿರಲು ಇದೂ ಒಂದು ಕಾರಣವೆಂಬ ಅಭಿಪ್ರಾಯವಿದೆ. ಮಾಂಸದ ಹೀಮ್ ರೂಪದ ಕಬ್ಬಿಣವನ್ನು ಮನುಷ್ಯ ಚೆನ್ನಾಗಿ ಹೀರಿಕೊಳ್ಳುತ್ತಾನೆ, ಇಲಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಪ್ರಯೋಗಾಲಯದ ಇಲಿಗೆ ಕೊಡುವ ಆಹಾರದಲ್ಲಿ ಕಬ್ಬಿಣ ಅದರ ಅಗತ್ಯಕ್ಕಿಂತ ಹಲವು ಪಟ್ಟು ಹೆಚ್ಚಿರುವುದೇ ರೂಢಿ. ತಳಿಯಿಂದ ತಳಿಗೂ ಯಕೃತ್ತಿನ ಕಬ್ಬಿಣದ ಮಟ್ಟ ಬದಲಾಗುತ್ತದೆ.

ಡಿಎಂಟಿ1 ದೋಷವೇ ಇದಕ್ಕೆ ಒಳ್ಳೆಯ ನಿದರ್ಶನ. ಈ ಜೀನಿನ ದೋಷವುಳ್ಳ ಮನುಷ್ಯರ ವರದಿಗಳು 2005ರ ಸುಮಾರಿಗೆ ಬರತೊಡಗಿದವು. ಅವರಿಗೂ ಹುಟ್ಟಿನಿಂದ ಕಿರುಕಣ ರಕ್ತಹೀನತೆಯಿದೆ. ಆದರೆ ಎಂಕೆ ಇಲಿಗಿಂತ ಭಿನ್ನವಾಗಿ ಅವರ ಯಕೃತ್ತಿನಲ್ಲಿ ಕಬ್ಬಿಣ ತುಂಬಿಕೊಂಡಿರುತ್ತದೆ. ಅವರ ಡಿಎಂಟಿ1 ಪೂರ್ತಿ ಕೆಟ್ಟಿಲ್ಲದಿರುವುದು, ಹೀಮ್ ರೂಪದ ಕಬ್ಬಿಣಕ್ಕೆ ಬೇರೆ ದಾರಿಯಿರುವುದು, ಇವೆರಡನ್ನು ಇದಕ್ಕೆ ಕಾರಣಗಳೆಂದು ಭಾವಿಸಲಾಗಿದೆ.

ಮಹತ್ವ

ಭಾರತದಲ್ಲಿ ಕಾಣುವ ಕಬ್ಬಿಣ ಕೊರತೆಯ ರಕ್ತಹೀನತೆಯ ಬಹುಪಾಲಿಗೆ ಕಾರಣ ಜೀನುಗಳಲ್ಲ. ಆಹಾರದಲ್ಲಿನ ಕೊರತೆ, ಮುಟ್ಟಿನ ಅತಿಸ್ರಾವ, ಮೇಲಿಂದ ಮೇಲೆ ಹೆರಿಗೆ, ಕೊಕ್ಕೆಹುಳುವಿನ ಸೋಂಕು. ಇವುಗಳಿಗೆ ಪೌಷ್ಟಿಕ ಆಹಾರ, ಜಂತುನಾಶಕ ಔಷಧ ಮತ್ತು ಕಬ್ಬಿಣದ ಮಾತ್ರೆಯೇ ತಕ್ಕ ಚಿಕಿತ್ಸೆ. ಆನುವಂಶಿಕ ರೂಪಗಳು ವಿರಳ. ಆದರೆ ಮಗುವೊಂದು ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ, ಒಡಹುಟ್ಟಿದವರಲ್ಲೂ ಅದೇ ತೊಂದರೆಯಿದ್ದರೆ, ರಕ್ತದಲ್ಲಿ ಕಬ್ಬಿಣ ಕಡಿಮೆಯಿದ್ದೂ ಹೆಪ್ಸಿಡಿನ್ ಇಳಿದಿಲ್ಲವಾದರೆ, ಅದು ಮಾತ್ರೆ ನುಂಗದ ಹಠವೂ ಅಲ್ಲ, ಮನೆಯವರ ಅಲಕ್ಷ್ಯವೂ ಅಲ್ಲ. ಅಂಥ ಮಗುವಿಗೆ ಟಿಎಂಪಿಆರ್‌ಎಸ್‌ಎಸ್6 ಜೀನಿನ ಪರೀಕ್ಷೆ ಮಾಡಿಸುವುದು ಸರಿಯಾದ ಕ್ರಮ. ದೋಷ ಖಚಿತವಾದರೆ ಮಾತ್ರೆಯ ಪ್ರಮಾಣ ಏರಿಸುವುದರಲ್ಲಿ ಅರ್ಥವಿಲ್ಲ, ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ.